ಶಾಲಾ ಕಂಪ್ಯೂಟರ್‌ಗಳ ಸೆಟ್ಟಿಂಗ್ ನೋಡಿಕೊಳ್ಳುವವರು ಯಾರು?

ಮಾನ್ಯರೇ,

ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಒದಗಿಸುವ ಕೆಲಸ ನಮ್ಮ ರಾಜ್ಯದಲ್ಲಿ ಇಪ್ಪತ್ತು ವರ್ಷಕ್ಕೂ ಹಳೆಯದು. ರಾಜ್ಯದ ಮಾಹಿತಿ ಸಿಂಧು ಯೋಜನೆ, ಆನಂತರ ಕೇಂದ್ರದ ಐಸಿಟಿ (ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ) ಯೋಜನೆ, ಅದರ ಬೆನ್ನಿಗೇ ಶಿಕ್ಷಕರಿಗೆ ಟಾಲ್ಪ್ (ತಂತ್ರಜ್ಞಾನದ ನೆರವಿನ ಕಲಿಕೆ) ತರಬೇತಿ, ಹೀಗೆ ಒಂದಾದ ಮೇಲೊಂದು ಕಾರ್ಯಕ್ರಮ ಬಂದಿವೆ. ಪ್ರತಿ ಬಾರಿಯೂ ಚರ್ಚೆಯಾಗುವುದು ಎಷ್ಟು ಯಂತ್ರ, ಎಷ್ಟು ಹಣ, ಎಷ್ಟು ಶಾಲೆ ಎಂಬುದಷ್ಟೇ. ಲ್ಯಾಬಿಗೆ ಬಂದು ಕುಳಿತ ಕಂಪ್ಯೂಟರ್‌ಗಳ ಒಳಗಿನ ಸೆಟ್ಟಿಂಗ್‌ಗಳನ್ನು ಮುಂದೆ ಯಾರು, ಎಲ್ಲಿಂದ, ಯಾವ ನಿಯಮದಂತೆ ನೋಡಿಕೊಳ್ಳಬೇಕು ಎಂಬ ಪ್ರಶ್ನೆಯನ್ನು ಲ್ಯಾಬಿನ ಕೀಲಿಕೈ ಜೊತೆಗೇ ಗಣಿತ ಅಥವಾ ವಿಜ್ಞಾನ ಶಿಕ್ಷಕರ ಕೈಗೆ ಕೊಟ್ಟು ಬಿಡಲಾಗುತ್ತದೆ.

ಸೆಟ್ಟಿಂಗ್ ಎಂದರೆ ಸಣ್ಣ ವಿಷಯವೆಂದು ತೋರಬಹುದು. ಆದರೆ ಲ್ಯಾಬುಗಳು ಮುಚ್ಚುವುದು ಹೆಚ್ಚಾಗಿ ಇಂಥ ಸಣ್ಣ ವಿಷಯಗಳಿಂದಲೇ. ಮದರ್‌ಬೋರ್ಡಿನ ಮೇಲಿರುವ ನಾಣ್ಯದಾಕಾರದ ಬ್ಯಾಟರಿ ಮುಗಿದರೆ, ಪ್ರತಿ ಸಲ ಆನ್ ಮಾಡಿದಾಗಲೂ ಕಂಪ್ಯೂಟರ್ ಹಲವು ವರ್ಷ ಹಿಂದಿನ ದಿನಾಂಕವನ್ನು ತೋರಿಸುತ್ತದೆ. ದಿನಾಂಕ ತಪ್ಪಿದರೆ ಜಾಲತಾಣಗಳ ಸುರಕ್ಷತಾ ಪ್ರಮಾಣಪತ್ರ ತಾಳೆಯಾಗುವುದಿಲ್ಲ, ಬ್ರೌಸರ್ ಎಚ್ಚರಿಕೆ ತೋರಿಸಿ ನಿಂತುಬಿಡುತ್ತದೆ, ಶಾಲೆಯ ದೂರಿನ ಪುಸ್ತಕದಲ್ಲಿ ಅದು ‘ನೆಟ್ ಬರುತ್ತಿಲ್ಲ’ ಎಂದು ದಾಖಲಾಗುತ್ತದೆ. ಶಾಲೆಯ ಸರ್ವರಿನಿಂದ (ಉಳಿದ ಯಂತ್ರಗಳಿಗೆ ಮಾಹಿತಿ ಒದಗಿಸುವ ಮುಖ್ಯ ಕಂಪ್ಯೂಟರಿನಿಂದ) ಸಮಯ ಪಡೆಯುವಂತೆ ಎಲ್ಲ ಯಂತ್ರಗಳಿಗೂ ಒಂದೇ ನಿಯಮವಿದ್ದರೆ, ಬ್ಯಾಟರಿ ಬದಲಾಗುವವರೆಗೂ ಪಾಠ ನಿಲ್ಲಬೇಕಾಗಿಲ್ಲ. ಕೀಲಿಮಣೆಯ ಗೊಂದಲ ಇನ್ನೂ ಕಷ್ಟದ್ದು. ವಿಂಡೋಸ್‌ನಲ್ಲಿ ಮೊದಲಿನಿಂದ ಇರುವ ಕನ್ನಡ ಕೀಲಿಮಣೆ ಇನ್‌ಸ್ಕ್ರಿಪ್ಟ್ ವಿನ್ಯಾಸದ್ದು, ನುಡಿ ತಂತ್ರಾಂಶದ ಮೂಲಕ ನಮ್ಮಲ್ಲಿ ಬಳಕೆಗೆ ಬಂದದ್ದು ಬೇರೆಯೇ ವಿನ್ಯಾಸ. ಒಂದು ಕಂಪ್ಯೂಟರಿನಲ್ಲಿ ಒಂದು, ಪಕ್ಕದ್ದರಲ್ಲಿ ಇನ್ನೊಂದು ಇದ್ದಾಗ, ವಾರಕ್ಕೊಂದು ಪೀರಿಯಡ್ ಮಾತ್ರ ಲ್ಯಾಬಿಗೆ ಬರುವ ಎಂಟನೇ ತರಗತಿಯ ಮಗು ಕನ್ನಡ ಟೈಪಿಂಗ್ ತನ್ನಿಂದಾಗದು ಎಂದು ತೀರ್ಮಾನಿಸಿಕೊಂಡರೆ ಅದು ಮಗುವಿನ ದೋಷವಲ್ಲ. ಇನ್ನು ಯಾವ ಸೆಟ್ಟಿಂಗನ್ನಾದರೂ ಬದಲಿಸಲು ಬಿಡುವ ಅಡ್ಮಿನ್ ಪಾಸ್‌ವರ್ಡನ್ನು ಲ್ಯಾಬಿನ ಗೋಡೆಯ ಮೇಲೆಯೇ ಬರೆದಿಟ್ಟಿರುವುದನ್ನು ನೋಡದ ಶಿಕ್ಷಕರು ಕಡಿಮೆ.

ಇದಕ್ಕೆ ಪರಿಹಾರ ಹೊಸದಾಗಿ ಕಂಡುಹಿಡಿಯಬೇಕಾದುದಲ್ಲ. ವಿಂಡೋಸ್ 2000ದ ಕಾಲದಿಂದಲೂ ‘ಗ್ರೂಪ್ ಪಾಲಿಸಿ’ ಎಂಬ ವ್ಯವಸ್ಥೆಯಿದೆ. ಯಾವ ಖಾತೆಗೆ ಯಾವ ಅಧಿಕಾರ, ಪೆನ್‌ಡ್ರೈವ್ ಹಾಕಿದೊಡನೆ ಅದರೊಳಗಿನ ತಂತ್ರಾಂಶ ತಾನಾಗಿ ಚಾಲೂ ಆಗಬೇಕೇ ಬೇಡವೇ, ಅಪ್‌ಡೇಟ್ ಎಲ್ಲಿಂದ ಬರಬೇಕು ಎಂಬ ನಿಯಮಗಳನ್ನು ಸರ್ವರಿನಲ್ಲಿ ಒಮ್ಮೆ ಬರೆದಿಟ್ಟರೆ, ಜಾಲಕ್ಕೆ ಸೇರಿದ ಪ್ರತಿ ಕಂಪ್ಯೂಟರೂ ಆನ್ ಆದಾಗ ಒಮ್ಮೆ, ಆಮೇಲೆ ಸುಮಾರು ಒಂದೂವರೆ ಗಂಟೆಗೊಮ್ಮೆ, ಅವುಗಳನ್ನು ತಾನೇ ಓದಿ ಜಾರಿಗೊಳಿಸಿಕೊಳ್ಳುತ್ತದೆ. ಜಾಲ ಕಡಿದುಹೋದರೂ ಕೊನೆಯ ಬಾರಿ ಪಡೆದ ನಿಯಮಗಳು ಉಳಿದಿರುತ್ತವೆ, ಹಳ್ಳಿಯ ಶಾಲೆಗಳಿಗೆ ಇದೇ ಮುಖ್ಯ. ವಿಂಡೋಸ್ ಬದಲು ಮುಕ್ತ ಕಾರ್ಯಾಚರಣಾ ವ್ಯವಸ್ಥೆಯಾದ ಲಿನಕ್ಸ್ ಬಳಸುವಲ್ಲಿ ಆನ್ಸಿಬಲ್‌ನಂಥ ಮುಕ್ತ ತಂತ್ರಾಂಶಗಳು ಇದೇ ಕೆಲಸವನ್ನು ಲೈಸೆನ್ಸ್ ಶುಲ್ಕವಿಲ್ಲದೆ ಮಾಡುತ್ತವೆ. ನಿಯಮಗಳು ಸಾಮಾನ್ಯ ಪಠ್ಯ ಕಡತದಲ್ಲಿರುವುದರಿಂದ, ಯಾವ ನಿಯಮ ಜಾರಿಯಲ್ಲಿದೆಯೆಂದು ಯಾರು ಬೇಕಾದರೂ ತೆರೆದು ಓದಬಹುದು.

ಇಲ್ಲಿ ಖರೀದಿಗೆ ಸಂಬಂಧಿಸಿದ ಒಂದು ಸಂಗತಿಯನ್ನು ಹೇಳಲೇಬೇಕು. ವಿಂಡೋಸ್‌ನ ‘ಹೋಮ್’ ಆವೃತ್ತಿಯ ಕಂಪ್ಯೂಟರನ್ನು ಸರ್ವರಿನಿಂದ ಇಂಥ ನಿಯಮಗಳನ್ನು ಪಡೆಯುವ ಡೊಮೇನ್ ಜಾಲಕ್ಕೆ ಸೇರಿಸಲು ಬರುವುದಿಲ್ಲ, ಅದಕ್ಕೆ ಪ್ರೊ ಅಥವಾ ಎಜುಕೇಷನ್ ಆವೃತ್ತಿಯೇ ಬೇಕು. ಟೆಂಡರಿನಲ್ಲಿ ಪ್ರೊಸೆಸರ್, ರ್‍ಯಾಮ್, ಮಾನಿಟರಿನ ಅಳತೆಯನ್ನೆಲ್ಲ ಸಾಲುಸಾಲಾಗಿ ಬರೆದು ಈ ಒಂದು ಪದವನ್ನು ಬಿಟ್ಟರೆ, ಬಂದ ಯಂತ್ರಗಳನ್ನು ಒಂದೊಂದಾಗಿ ಕೈಯಿಂದಲೇ ಸರಿಪಡಿಸುತ್ತಾ ಕೂರಬೇಕಾಗುತ್ತದೆ. ದಾನಿಗಳಿಂದ, ಹಳೆಯ ವಿದ್ಯಾರ್ಥಿ ಸಂಘಗಳಿಂದ ಬರುವ ಕಂಪ್ಯೂಟರ್‌ಗಳಿಗೂ ಈ ಮಾತು ಅನ್ವಯಿಸುತ್ತದೆ.

ನೆರೆಯ ಕೇರಳ ಈ ವಿಷಯದಲ್ಲಿ ನಮಗಿಂತ ಮೊದಲೇ ಎಚ್ಚೆತ್ತಿತು. ಅಲ್ಲಿನ ‘ಐಟಿ ಅಟ್ ಸ್ಕೂಲ್’ ಯೋಜನೆ, 2017ರಲ್ಲಿ ಅದು ‘ಕೈಟ್’ ಸಂಸ್ಥೆಯಾದ ಮೇಲೂ, ಲಿನಕ್ಸ್‌ನ ಒಂದು ರೂಪವಾದ ಉಬುಂಟು ಆಧಾರಿತ ಒಂದೇ ಕಾರ್ಯಾಚರಣಾ ವ್ಯವಸ್ಥೆಯನ್ನು ತಾನೇ ಸಿದ್ಧಪಡಿಸಿ ಶಾಲೆಗಳಿಗೆ ಕೊಡುತ್ತಾ ಬಂದಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕಲಿಯುವುದೂ ಅದರಲ್ಲೇ. ಎಲ್ಲರಿಗೂ ಒಂದೇ ಪ್ರತಿ ಹಂಚಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ ನಿಜ, ಹಂಚಿದ ಮೇಲೆ ಆಗುವ ಬದಲಾವಣೆಗಳನ್ನು ಕಾಯುವವರೂ ಬೇಕು. ಆದರೂ ಅಷ್ಟಾದರೂ ಇದ್ದರೆ ಮಿಕ್ಕಿದ್ದನ್ನು ಕಟ್ಟಬಹುದು. ನಮ್ಮಲ್ಲಿನ ಸ್ಥಿತಿಗೆ ಒಂದು ಉದಾಹರಣೆ ನೋಡಿ: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಮ್ಮ ತಾಲ್ಲೂಕಿನ ಶಾಲೆಗಳಲ್ಲಿ ಅದನ್ನೇ ಬಳಸುತ್ತಿರುವ ಯಂತ್ರಗಳೆಷ್ಟು ಎಂದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯನ್ನು ಕೇಳಿದರೆ, ಉತ್ತರಕ್ಕಾಗಿ ಪ್ರತಿ ಶಾಲೆಯ ಮುಖ್ಯ ಶಿಕ್ಷಕರಿಗೆ ನಮೂನೆ ಕಳಿಸಿ ಭರ್ತಿ ಮಾಡಿಸಿಕೊಳ್ಳಬೇಕಾಗುತ್ತದೆ. ಕೇಂದ್ರೀಕೃತ ವ್ಯವಸ್ಥೆಯಲ್ಲಿ ಆ ಪಟ್ಟಿ ತಾನಾಗಿಯೇ ಸಿದ್ಧವಿರುತ್ತದೆ.

ಎಲ್ಲವನ್ನೂ ಬೆಂಗಳೂರಿನ ಒಂದು ಕೋಣೆಯಿಂದ ಆಳಬೇಕೆಂಬುದು ನನ್ನ ವಾದವಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಎಲ್ಲೆಡೆಗೂ ಒಮ್ಮೆಲೇ ಕಳಿಸಿದ ಒಂದು ದೋಷಪೂರ್ಣ ಅಪ್‌ಡೇಟಿನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ಕೆಟ್ಟು ನಿಂತವು, ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲೂ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಡಬೇಕಾಯಿತು. ಒಂದೇ ಕಡೆಯಿಂದ ಹೊರಡುವ ಆದೇಶಕ್ಕೆ ಇರುವ ಅಪಾಯ ಇದು. ಆದ್ದರಿಂದ ಯಾವುದೇ ಬದಲಾವಣೆ ಮೊದಲು ಬೆರಳೆಣಿಕೆಯ ಶಾಲೆಗಳಲ್ಲಿ ಪರೀಕ್ಷೆಯಾಗಿ, ವಾರ ಕಳೆದ ಮೇಲಷ್ಟೇ ಉಳಿದವಕ್ಕೆ ಹೋಗಬೇಕು. ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ದಿನಗಳಲ್ಲಿ ಏನೂ ಬದಲಾಗಬಾರದು. ಇಡೀ ತಾಲ್ಲೂಕಿಗೆ ಒಂದೇ ಅಡ್ಮಿನ್ ಪಾಸ್‌ವರ್ಡ್ ಇಡುವ ಸೋಮಾರಿತನವೂ ಸಲ್ಲದು. ಪ್ರಿಂಟರ್ ಜೋಡಿಸುವುದು, ಪಾಠಕ್ಕೆ ಬೇಕಾದ ತಂತ್ರಾಂಶ ಹಾಕಿಕೊಳ್ಳುವುದು ಶಾಲೆಯ ಅಧಿಕಾರದಲ್ಲೇ ಉಳಿಯಬೇಕು. ಪ್ರಿಂಟರಿಗೂ ಮೇಲಿನವರ ಅನುಮತಿ ಪಡೆಯಬೇಕಾದರೆ ಶಿಕ್ಷಕರು ಮತ್ತೆ ಕಾಗದ, ಕಾರ್ಬನ್ನಿಗೇ ಮರಳುತ್ತಾರೆ.

ಮಕ್ಕಳ ಮೇಲಿನ ನಿಗಾ ಬೇರೆಯೇ ವಿಷಯ. ಸೆಟ್ಟಿಂಗ್ ನಿರ್ವಹಣೆಯ ಹೆಸರಿನಲ್ಲಿ ಪ್ರತಿ ಮಗು ಏನು ಹುಡುಕಿತು, ಏನು ಓದಿತು ಎಂದು ದಾಖಲಿಸುವ ತಂತ್ರಾಂಶವನ್ನೂ ಸೇರಿಸಿ ಮಾರುವವರು ಬಂದೇ ಬರುತ್ತಾರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷ ತುಂಬದ ಎಲ್ಲರನ್ನೂ ಮಕ್ಕಳೆಂದು ಪರಿಗಣಿಸಿ, ಅವರ ಚಟುವಟಿಕೆಯ ಜಾಡು ಹಿಡಿಯುವುದಕ್ಕೆ ಕಡಿವಾಣ ಹಾಕುವ ವಿಧಿಯನ್ನು ಒಳಗೊಂಡಿದೆ. ಇವೆರಡನ್ನೂ ಒಂದೇ ಟೆಂಡರಿನಲ್ಲಿ ಬೆರೆಸಬಾರದು.

ಶಿಕ್ಷಣ ಇಲಾಖೆ ಮುಂದಿನ ಖರೀದಿಗೆ ಮುನ್ನ ಸೆಟ್ಟಿಂಗ್‌ಗಳ ಕುರಿತು ಕನ್ನಡದಲ್ಲಿ ಒಂದು ನಿಯಮಾವಳಿ ಪ್ರಕಟಿಸಲಿ, ಅದನ್ನು ಜಾರಿಗೊಳಿಸಲು ಪ್ರತಿ ತಾಲ್ಲೂಕಿನ ಬಿಆರ್‌ಸಿಯಲ್ಲಿ (ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ) ಪಾಠದ ಹೊರೆಯಿಲ್ಲದ ಒಬ್ಬ ತಂತ್ರಜ್ಞರನ್ನು ನೇಮಿಸಲಿ, ಅವರ ಸಂಬಳವನ್ನು ಕಂಪ್ಯೂಟರ್ ಖರೀದಿಯ ಅಂದಾಜು ಪಟ್ಟಿಯಲ್ಲೇ ಸೇರಿಸಲಿ ಎಂದು ಕೋರುತ್ತೇನೆ.

– ಪ್ರೌಢಶಾಲಾ ಗಣಿತ ಶಿಕ್ಷಕಿ, ತುಮಕೂರು ಜಿಲ್ಲೆ