ಮೀಸಲು: ಮಗಳಿಗೊಂದು ಪತ್ರ

ಕರ್ತನಲ್ಲಿ ಪ್ರಿಯಳಾದ ಮಗಳಿಗೆ,

ಅಮ್ಮ ಮಾಡುವ ಆಶೀರ್ವಾದಗಳು. ನೀನು ಬರೆದ ಮೂರು ಪುಟದ ಪತ್ರ ಶನಿವಾರ ಕೈಸೇರಿತು. ದಿನವೂ ಫೋನಿನಲ್ಲಿ ಮಾತಾಡುವವಳು ಕಾಗದ ಹಿಡಿದು ಕೂತಿದ್ದಾಳೆಂದರೆ ಬಾಯಲ್ಲಿ ಹೇಳಲಾಗದ್ದು ಏನೋ ಇದೆ ಎಂದು ತಿಳಿದು, ಮಧ್ಯಾಹ್ನ ಅಪ್ಪ ಮಲಗಿದ ಮೇಲೆ ಹಿಂದಿನ ಜಗಲಿಯಲ್ಲಿ ಕುಳಿತು ಎರಡು ಸಲ ಓದಿದೆ. ಉಜ್ಜೀವನ ಕೂಟದ ಕೊನೆಯ ರಾತ್ರಿ ಎದ್ದು ನಿಂತು ನಿನ್ನನ್ನು ಪೂರ್ತಿಯಾಗಿ ಕರ್ತನಿಗೆ ಒಪ್ಪಿಸಿಕೊಟ್ಟದ್ದು, ಆಮೇಲೆ ಹತ್ತು ದಿನ ಆತನು ಪಕ್ಕದಲ್ಲೇ ಇದ್ದಂತೆ ಅನ್ನಿಸಿದ್ದು, ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಶುರುವಾದ ಮೇಲೆ ಪ್ರಾರ್ಥನೆಯೆಲ್ಲ ಗೋಡೆಗೆ ಹೇಳಿದಂತಾಗಿರುವುದು, ಎಲ್ಲವನ್ನೂ ಬಿಡಿಸಿ ಬರೆದು, ಕೊನೆಗೆ ನಿನ್ನ ಸಮರ್ಪಣೆ ದೇವರಿಗೆ ಒಪ್ಪಿಗೆಯಾಗಲಿಲ್ಲವೇ ಎಂದು ಕೇಳಿದ್ದೀಯೆ. ಈ ಪ್ರಶ್ನೆಗೆ ಫೋನಿನಲ್ಲಿ ಉತ್ತರ ಕೊಡುವುದು ನನಗೂ ಆಗದು.

ನೀನು ‘ಪ್ರತಿಷ್ಠೆ’ ಎಂಬ ಪದವನ್ನು ಐದಾರು ಸಲ ಬಳಸಿದ್ದೀಯೆ. ಸತ್ಯವೇದ ಯಾಜಕರನ್ನು ಕುರಿತು ಪ್ರತಿಷ್ಠಿಸು ಎನ್ನುತ್ತದೆ, ಆದ್ದರಿಂದ ಅದು ತಪ್ಪಾದ ಮಾತಲ್ಲ. ಆದರೆ ಊರವರ ಬಾಯಲ್ಲಿ ಪ್ರತಿಷ್ಠೆಯೆಂದರೆ ಹೆಸರು, ಮಾನ, ನಾಲ್ಕು ಜನರ ಮುಂದಿನ ದೊಡ್ಡಸ್ತಿಕೆ; ಈ ಎರಡನೆಯ ಅರ್ಥ ಮೊದಲನೆಯದರೊಳಗೆ ಸದ್ದಿಲ್ಲದೆ ನುಸುಳಿ ಕೂರುವುದನ್ನು ನಾನು ನನ್ನಲ್ಲಿಯೇ ಕಂಡಿದ್ದೇನೆ. ಅದಕ್ಕಾಗಿ ‘ಮೀಸಲು’ ಎಂಬ ಮಾತೇ ನನಗೆ ಹೆಚ್ಚು ಹತ್ತಿರ.

ನಿನ್ನ ಅಜ್ಜಿ ಸಭೆಯ ಬೆಳೆ ಹಬ್ಬಕ್ಕೆಂದು ಹಿತ್ತಲಿನ ಬಳ್ಳಿಯಲ್ಲಿ ಬಿಟ್ಟ ಮೊದಲ ಕುಂಬಳಕಾಯಿಯ ತೊಟ್ಟಿಗೆ ಹಳೆಯ ಸೀರೆಯ ಅಂಚು ಹರಿದು ಕಟ್ಟುತ್ತಿದ್ದುದನ್ನು ನೀನೂ ನೋಡಿರುವೆ. ಕಟ್ಟಿದ ಆ ಗಳಿಗೆಯಿಂದ ಅದು ದೇವರದು. ಆದರೂ ಅದು ಬಳ್ಳಿಯಲ್ಲಿಯೇ ಇರುತ್ತಿತ್ತು, ಉಳಿದ ಕಾಯಿಗಳು ಕುಡಿದ ನೀರನ್ನೇ ಕುಡಿಯುತ್ತಿತ್ತು, ಅದೇ ಮಳೆಗೆ ನೆನೆದು ಅದೇ ಬಿಸಿಲಿಗೆ ಬಲಿಯುತ್ತಿತ್ತು. ಮನೆಯಲ್ಲಿ ಪದಾರ್ಥಕ್ಕೆ ಏನೂ ಇಲ್ಲದ ದಿನವೂ ಅದರ ಮೇಲೆ ಯಾರೂ ಕತ್ತಿ ಇಡುತ್ತಿರಲಿಲ್ಲ ಎಂಬುದೊಂದೇ ವ್ಯತ್ಯಾಸ. ಮೀಸಲಾದ ಮೇಲೆ ತನ್ನಲ್ಲಿ ಏನು ಬದಲಾಯಿತೆಂದು ಆ ಕಾಯಿ ದಿನವೂ ತನ್ನನ್ನು ಮುಟ್ಟಿ ನೋಡಿಕೊಳ್ಳಬೇಕಾಗಿರಲಿಲ್ಲ, ಏಕೆಂದರೆ ಗುರುತು ಕಟ್ಟಿದವಳು ಅಜ್ಜಿ, ಅದನ್ನು ನೆನಪಿನಲ್ಲಿ ಇಟ್ಟುಕೊಂಡವಳೂ ಅಜ್ಜಿಯೇ. ಪ್ರವಾದಿಯಾದ ಜೆಕರ್ಯನು ತನ್ನ ಗ್ರಂಥದ ಕೊನೆಯಲ್ಲಿ ಒಂದು ದಿನವನ್ನು ಕಾಣುತ್ತಾನೆ. ಮಹಾಯಾಜಕನ ಹಣೆಯ ಬಂಗಾರದ ಪಟ್ಟದ ಮೇಲಿದ್ದ ‘ಕರ್ತನಿಗೆ ಮೀಸಲು’ ಎಂಬ ಬರಹ ಅಂದು ಕುದುರೆಗಳ ಗೆಜ್ಜೆಯ ಮೇಲೆ ಇರುತ್ತದೆ, ಯೆರೂಸಲೇಮಿನ ಅಡುಗೆಯ ಪಾತ್ರೆಗಳೆಲ್ಲ ಕರ್ತನಿಗೆ ಮೀಸಲಾಗಿರುತ್ತವೆ. ಹಾಗಿದ್ದ ಮೇಲೆ ವಾರ್ಡಿನ ಟ್ರೇಯೂ ನಿನ್ನ ಟಿಫಿನ್ ಡಬ್ಬಿಯೂ ಆ ಲೆಕ್ಕದಿಂದ ಹೊರಗೆ ಉಳಿಯುವುದು ಹೇಗೆ?

ಸ್ತ್ರೀಯರ ಅನ್ಯೋನ್ಯ ಕೂಟದಲ್ಲಿ ಸತ್ಯವೇದದ ಯಾಜಕಕಾಂಡವನ್ನು ಓದುತ್ತಿದ್ದಾಗ ನಾನು ಕಲಿತದ್ದೊಂದನ್ನು ನಿನಗೆ ಹೇಳಲೇಬೇಕು. ಯಾಜಕನನ್ನು ಪ್ರತಿಷ್ಠಿಸುವುದಕ್ಕೆ ಇಬ್ರಿಯ ಭಾಷೆಯಲ್ಲಿರುವ ನುಡಿಗಟ್ಟು ‘ಕೈ ತುಂಬಿಸುವುದು’ ಎಂದು. ಎಂಟನೆಯ ಅಧ್ಯಾಯವನ್ನು ತೆರೆದು ನಿಧಾನವಾಗಿ ಓದು. ಯಾಜಕರಾಗಲಿರುವ ಆರೋನನೂ ಅವನ ಮಕ್ಕಳೂ ಬರಿಗೈಯಲ್ಲಿ ನಿಂತಿದ್ದಾರೆ. ಟಗರಿನ ಕೊಬ್ಬನ್ನೂ ಪುಟ್ಟಿಯಲ್ಲಿದ್ದ ಹುಳಿಯಿಲ್ಲದ ರೊಟ್ಟಿಯನ್ನೂ ಮೋಶೆ ತೆಗೆದು ಅವರ ಅಂಗೈಗಳ ಮೇಲೆ ಇಡುತ್ತಾನೆ, ಅವುಗಳನ್ನು ಕರ್ತನ ಮುಂದೆ ಎತ್ತಿ ಆಡಿಸಿದ ಮೇಲೆ ಅವರ ಕೈಯಿಂದಲೇ ತೆಗೆದು ಯಜ್ಞವೇದಿಯ ಮೇಲೆ ಹೋಮಮಾಡುತ್ತಾನೆ. ಕೊಡುವವರ ಕೈಯಲ್ಲಿ ಇದ್ದುದನ್ನು ಅಲ್ಲಿ ಇಟ್ಟವನು ಇನ್ನೊಬ್ಬನು. ನೀನು ಅಂದು ರಾತ್ರಿ ಎದ್ದು ನಿಂತದ್ದೂ ಅತ್ತದ್ದೂ ಹಾಗೆಯೇ ನಿನ್ನ ಕೈಗೆ ಬಂದದ್ದು. ಅದು ಸಾಕಷ್ಟಿತ್ತೋ ಇಲ್ಲವೋ ಎಂದು ಈಗ ತೂಗಿ ನೋಡುತ್ತಾ ಕೂತರೆ, ಕೊಟ್ಟವನ ಮುಖ ಬಿಟ್ಟು ತಕ್ಕಡಿಯ ಮುಳ್ಳನ್ನೇ ನೋಡಿದಂತಾಗುತ್ತದೆ. ಪೌಲನೂ ರೋಮಾಪುರದವರಿಗೆ ಬರೆಯುವಾಗ ಹನ್ನೊಂದು ಅಧ್ಯಾಯಗಳ ತುಂಬ ದೇವರ ಕನಿಕರವನ್ನು ವಿವರಿಸಿದ ಮೇಲೆಯೇ ಹನ್ನೆರಡನೆಯದರಲ್ಲಿ, ಆ ಕನಿಕರದ ಹೆಸರಿನಲ್ಲಿ, ದೇಹಗಳನ್ನು ಸಜೀವ ಯಜ್ಞವಾಗಿ ಕೊಡಿರಿ ಎಂದು ಬೇಡಿಕೊಳ್ಳುತ್ತಾನೆ.

ಯಾಜಕಕಾಂಡದ ಆ ಎಂಟನೆಯ ಅಧ್ಯಾಯದ ಕೊನೆಯಲ್ಲಿ, ಕೈ ತುಂಬಿದವರು ದೇವದರ್ಶನದ ಗುಡಾರದ ಬಾಗಿಲಲ್ಲಿ ಹಗಲಿರುಳು ಏಳು ದಿನ ಕುಳಿತಿರಬೇಕೆಂದು ಆಜ್ಞೆಯಾಗುತ್ತದೆ. ಆ ಏಳು ದಿನಗಳಲ್ಲಿ ಅವರ ಮನಸ್ಸು ಹೇಗಿತ್ತೆಂದು ಗ್ರಂಥ ಒಂದು ಮಾತನ್ನೂ ಹೇಳುವುದಿಲ್ಲ. ಮೂರನೆಯ ದಿನ ಬೇಸರವಾಯಿತೋ, ಐದನೆಯ ದಿನ ನಿದ್ದೆ ತೂಗಿತೋ, ಬಾಗಿಲು ಬಿಟ್ಟು ಏಳಲಿಲ್ಲ ಎಂಬುದಷ್ಟೇ ನಮಗೆ ಗೊತ್ತು.

ಇನ್ನೊಂದು ಮಾತನ್ನು ನಮ್ಮ ಘಟ್ಟದ ಮಗಳೊಬ್ಬಳ ಬಾಯಿಂದಲೇ ಕೇಳು. ಕಾರ್ಕಳದಿಂದ ಮಾಳ ಘಾಟಿ ಹತ್ತಿ ಹೋಗುವಾಗ ಬಸ್ಸಿನಿಂದ ನಾನು ನಿನಗೆ ಗಂಗಾಮೂಲದ ಕಾಡನ್ನು ತೋರಿಸಿದ್ದೆ. ಪಂಡಿತಾ ರಮಾಬಾಯಿ 1858ರಲ್ಲಿ ಹುಟ್ಟಿದ್ದು ಆ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಹೆಂಡತಿಗೆ ಸಂಸ್ಕೃತ ಕಲಿಸಿದರು, ಆ ತಾಯಿ ಮಗಳಿಗೆ ಕಲಿಸಿದರು. ಬರಗಾಲದಲ್ಲಿ ತಂದೆತಾಯಿಗಳನ್ನೂ, ಮುಂದೆ ಅಣ್ಣನನ್ನೂ ಗಂಡನನ್ನೂ ಕಳೆದುಕೊಂಡ ಆಕೆ 1883ರಲ್ಲಿ ಇಂಗ್ಲೆಂಡಿನ ವಾಂಟೇಜಿನಲ್ಲಿ ಪುಟ್ಟ ಮಗಳು ಮನೋರಮೆಯ ಸಂಗಡ ದೀಕ್ಷಾಸ್ನಾನ ಪಡೆದರು. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. ಇಷ್ಟೆಲ್ಲ ಆದ ಮೇಲೆ, ದೀಕ್ಷಾಸ್ನಾನವಾಗಿ ಎಂಟು ವರ್ಷ ಕಳೆದಾಗ, ತಾನು ಕ್ರೈಸ್ತ ಧರ್ಮವನ್ನು ಕಂಡುಕೊಂಡಿದ್ದೇನೆ, ಆ ಧರ್ಮದ ಜೀವವಾದ ಕ್ರಿಸ್ತನನ್ನು ಇನ್ನೂ ಕಂಡುಕೊಂಡಿಲ್ಲ ಎಂಬುದು ಅವರಿಗೆ ತಿಳಿಯಿತು. ಇದನ್ನು ಅವರು ತಮ್ಮ ಸಾಕ್ಷಿಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಸೇವೆಯಿತ್ತು, ತ್ಯಾಗವಿತ್ತು, ಊರೆಲ್ಲ ಹೆಸರೂ ಇತ್ತು. ಕ್ರಿಸ್ತನೊಡನೆ ಅನ್ಯೋನ್ಯತೆ ಮಾತ್ರ ಇರಲಿಲ್ಲ, ಮತ್ತು ಅದನ್ನು ಒಪ್ಪಿಕೊಳ್ಳಲು ಆಕೆ ನಾಚಲಿಲ್ಲ. ಆ ಒಪ್ಪಿಗೆಯ ನಂತರವೇ 1896-97ರ ಬರಗಾಲ ಬಂದದ್ದು, ಮಧ್ಯ ಪ್ರಾಂತ್ಯದಿಂದ ಸುಮಾರು 300 ಹೆಣ್ಣುಮಕ್ಕಳನ್ನು ಕರೆತಂದದ್ದು, ಕೇಡಗಾಂವಿನಲ್ಲಿ ಅವರಿಗಾಗಿ ಮುಕ್ತಿ ಎಂಬ ಆಶ್ರಯಧಾಮ ಬೆಳೆದದ್ದು.

ನನ್ನ ಮನಸ್ಸನ್ನು ಹೆಚ್ಚು ತಟ್ಟುವುದು ಅವರ ಕೊನೆಯ ವರ್ಷಗಳು. ಓದು ಬಾರದ ಹೆಂಗಸರಿಗೂ ತಿಳಿಯುವ ಸರಳ ಮರಾಠಿಯಲ್ಲಿ ಸತ್ಯವೇದ ಇರಬೇಕೆಂದು ಇಬ್ರಿಯ ಮತ್ತು ಗ್ರೀಕ್ ಭಾಷೆಗಳನ್ನು ಕಲಿತು, ವರ್ಷಗಟ್ಟಲೆ ಕುಳಿತು ಅನುವಾದಿಸಿದರು. ಅಚ್ಚಿನ ಮೊಳೆಗಳನ್ನು ಜೋಡಿಸಿದವರು ಮುಕ್ತಿಯ ಹೆಣ್ಣುಮಕ್ಕಳೇ. 1921ರಲ್ಲಿ ಮನೋರಮೆ ತೀರಿಕೊಂಡರು. ಮಗಳನ್ನು ಮಣ್ಣಿಗೆ ಕೊಟ್ಟ ತಾಯಿ ಮತ್ತೆ ಬಂದು ಕರಡು ತಿದ್ದಲು ಕುಳಿತು ಆ ಕೆಲಸವನ್ನು ಮುಗಿಸಿ, 1922ರ ಏಪ್ರಿಲ್ 5ರಂದು ಕಣ್ಣು ಮುಚ್ಚಿದರು. ಆ ತಿಂಗಳುಗಳಲ್ಲಿ ಅವರ ಪ್ರಾರ್ಥನೆಗಳೆಲ್ಲ ಸಿಹಿಯಾಗಿದ್ದವೆಂದು ನಾನು ನಂಬಲಾರೆ. ತಾಯಿಯಾಗಿ ನಂಬಲಾರೆ.

ನಿನ್ನ ಈ ಒಣಗಿದ ದಿನಗಳ ಬಗ್ಗೆ ನನಗೆ ತೋಚುವುದನ್ನು 131ನೆಯ ಕೀರ್ತನೆಯ ಮೂಲಕ ಹೇಳುತ್ತೇನೆ, ಅದು ಮೂರೇ ವಚನಗಳ ಚಿಕ್ಕ ಕೀರ್ತನೆ. ಮೊಲೆ ಬಿಡಿಸಿದ ಕೂಸು ತಾಯಿಯ ಬಳಿಯಲ್ಲಿ ಇರುವಂತೆ ತನ್ನ ಪ್ರಾಣ ಸಮಾಧಾನವಾಗಿದೆ ಎನ್ನುತ್ತಾನೆ ಭಕ್ತನು. ನಿನಗೆ ಹಾಲು ಬಿಡಿಸಿದ್ದು ಒಂದು ಮಳೆಗಾಲದಲ್ಲಿ, ಕಹಿಬೇವು ಅರೆದು ಹಚ್ಚಿಕೊಂಡು. ಮೂರು ರಾತ್ರಿ ನೀನು ಮನೆ ಹಾರಿಹೋಗುವಂತೆ ಅತ್ತೆ, ಅಮ್ಮ ಕೈಬಿಟ್ಟಳೆಂದು ಆ ಪುಟ್ಟ ಮುಖವೆಲ್ಲ ಹೇಳುತ್ತಿತ್ತು, ನಾನು ಕತ್ತಲೆಯಲ್ಲಿ ನಿನ್ನನ್ನು ಎತ್ತಿಕೊಂಡು ತಿರುಗುತ್ತಾ ನಿನಗಿಂತ ಹೆಚ್ಚು ಅತ್ತೆ. ನಾಲ್ಕನೆಯ ರಾತ್ರಿಯೋ ಐದನೆಯದೋ, ಹಾಲನ್ನು ಹುಡುಕದೆ ಸುಮ್ಮನೆ ನನ್ನ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನನಗೆ ಒರಗಿ ಮಲಗಿದೆ. ಅದುವರೆಗೆ ನೀನು ಬಂದದ್ದು ಹಾಲಿಗಾಗಿ. ಆ ರಾತ್ರಿ ಬಂದದ್ದು ಅಮ್ಮನಿಗಾಗಿ. ಕೂಟದ ನಂತರದ ಆ ಹತ್ತು ದಿನಗಳ ಸಿಹಿಯನ್ನು ಕರ್ತನು ಹಿಂದಕ್ಕೆ ತೆಗೆದುಕೊಂಡದ್ದು ಇಂಥ ಕಾರಣಕ್ಕಾಗಿಯೂ ಇರಬಹುದು. ಹಾಗಿದ್ದರೆ ಈಗ ನೀನು ಮಾಡಬೇಕಾದ್ದು ಹೆಚ್ಚಿಲ್ಲ: ಸೆರಗನ್ನು ಬಿಡದಿರುವುದು. ಪಾಳಿ ಮುಗಿಸಿ ಬಂದು ಕಣ್ಣು ಎಳೆಯುವ ಹೊತ್ತಿನಲ್ಲಿ ಒಂದು ಗಂಟೆ ಮೊಣಕಾಲೂರಬೇಕೆಂದು ನಿನ್ನನ್ನು ನೀನೇ ಹಿಂಸಿಸಿಕೊಳ್ಳಬೇಡ; ಒಂದು ಕೀರ್ತನೆಯನ್ನು ಮೆಲ್ಲನೆ ಬಾಯಿಬಿಟ್ಟು ಓದಿ, ಈ ದಿನವೂ ನಿನ್ನವಳೇ ಎಂದು ಹೇಳಿ ಮಲಗು. ಬಾಗಿಲು ಮುಚ್ಚಲು ನಿನಗೆ ಸ್ವಂತ ಕೋಣೆಯಿಲ್ಲವೆಂದು ಬರೆದಿದ್ದೀಯೆ. ಹಾಸ್ಟೆಲಿನ ತಾರಸಿಯಲ್ಲಿ, ಬಟ್ಟೆ ಒಣಹಾಕುವ ಮೂಲೆಯೂ ಆದೀತು.

ಆದರೆ ಎಲ್ಲ ಒಣಗುವಿಕೆಯೂ ಹಾಲು ಬಿಡಿಸಿದ್ದರಿಂದ ಆದದ್ದಲ್ಲ ಮಗಳೇ, ಇದನ್ನು ಮುಚ್ಚಿಟ್ಟರೆ ನಾನು ನಿನಗೆ ಸುಳ್ಳು ಹೇಳಿದಂತೆ. ನಿನ್ನ ಅಜ್ಜನ ಮನೆ ಪಾಲಾದಾಗ ನಿನ್ನ ಚಿಕ್ಕಮ್ಮನಿಗೂ ನನಗೂ ಮಾತು ನಿಂತುಹೋಗಿ ನಾಲ್ಕು ವರ್ಷ ಕಳೆದದ್ದು ನಿನಗೆ ಗೊತ್ತಿದೆ. ನಿನಗೆ ಗೊತ್ತಿಲ್ಲದ್ದೇನೆಂದರೆ, ಅದೇ ನಾಲ್ಕು ವರ್ಷಗಳಲ್ಲಿ ನಾನು ಶುಕ್ರವಾರದ ಉಪವಾಸ ಪ್ರಾರ್ಥನೆಯನ್ನು ಒಂದು ವಾರವೂ ತಪ್ಪಿಸಲಿಲ್ಲ, ಸಮರ್ಪಣೆಯ ಹಾಡಿಗೆ ಎಲ್ಲರಿಗಿಂತ ಮೊದಲು ಕಣ್ಣೀರು ಹಾಕುತ್ತಿದ್ದೆ, ಮನೆಗೆ ಬಂದು ಮೊಣಕಾಲೂರಿದರೆ ಎದೆ ಕಲ್ಲಾಗಿರುತ್ತಿತ್ತು. ಎಲ್ಲವನ್ನೂ ನಿನಗೆ ಕೊಟ್ಟಿದ್ದೇನೆ ಎಂದು ದೇವರಿಗೆ ಹೇಳುತ್ತಾ, ತಂಗಿಯ ಮೇಲಿನ ಆ ಒಂದು ಸಿಟ್ಟನ್ನು ಮಾತ್ರ ಪೆಟ್ಟಿಗೆಯ ತಳದಲ್ಲಿ ಒಡವೆಯಂತೆ ಕಾದಿಟ್ಟುಕೊಂಡಿದ್ದೆ. ಯಜ್ಞವೇದಿಯ ಬಳಿಗೆ ಕಾಣಿಕೆ ತಂದಾಗ ಸಹೋದರನಿಗೆ ನಿನ್ನ ಮೇಲೆ ಏನೋ ಇದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಹೋಗಿ ಒಂದಾಗು ಎಂದು ಕರ್ತನು ಹೇಳಿದ್ದನ್ನು ನಾನು ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದೆ. ಕೊನೆಗೆ ಒಂದು ಕ್ರಿಸ್ಮಸ್ಸಿನ ಹಿಂದಿನ ದಿನ ಕುಸ್ವಾರಿನ, ಅಂದರೆ ಹಬ್ಬದ ತಿಂಡಿಗಳ, ಡಬ್ಬಿ ಹಿಡಿದುಕೊಂಡು ಅವಳ ಮನೆಯ ಮೆಟ್ಟಿಲು ಹತ್ತಿದೆ. ಏನು ಹೇಳಬೇಕೆಂದು ಬಸ್ಸಿನಲ್ಲಿ ಜೋಡಿಸಿಕೊಂಡ ಮಾತುಗಳು ಒಂದೂ ನೆನಪಿಗೆ ಬರಲಿಲ್ಲ. ಅವಳು ಬಾಗಿಲು ತೆರೆದು, ‘ಅಕ್ಕ, ಒಳಗೆ ಬಾ’ ಎಂದಳು. ಅಂದು ರಾತ್ರಿ ನಾನು ಮಾಡಿದ ಪ್ರಾರ್ಥನೆ ನಾಲ್ಕು ಮಾತಿನದು, ಅದರಷ್ಟು ಹತ್ತಿರವಾದ ಪ್ರಾರ್ಥನೆ ನಾಲ್ಕು ವರ್ಷಗಳಲ್ಲಿ ಒಂದೂ ಇರಲಿಲ್ಲ.

ಇದನ್ನು ಈಗ ಹೇಳಲು ಕಾರಣವಿದೆ. ನಿನ್ನ ಪತ್ರದ ಎರಡನೆಯ ಪುಟದ ಕೆಳಗೆ, ಬೇರೆ ಯಾವುದೋ ವಿಷಯದ ನಡುವೆ, ಪಕ್ಕದ ಮಂಚದ ಹುಡುಗಿಯ ಸಂಗಡ ಮಾತುಬಿಟ್ಟು ಎರಡು ತಿಂಗಳಾಯಿತು ಎಂದು ಒಂದೇ ಸಾಲು ಬರೆದು ಮುಂದೆ ಹೋಗಿದ್ದೀಯೆ. ತಪ್ಪು ಯಾರದೆಂದು ನನಗೆ ತಿಳಿಯದು, ಅವಳದೇ ಇದ್ದೀತು. ಮೂರು ಪುಟಗಳಲ್ಲಿ ನೀನು ವಿವರಿಸದೆ ಬಿಟ್ಟದ್ದು ಅದೊಂದನ್ನೇ ಎಂಬುದು ಮಾತ್ರ ನನ್ನ ಕಣ್ಣಿಗೆ ಬಿತ್ತು. ದೇವರೊಡನೆ ಇನ್ನೂ ಹತ್ತಿರವಾಗಬೇಕೆಂದು ಬರೆಯುವ ನಿನಗೂ ಅವಳಿಗೂ ನಡುವೆ ಇರುವುದು ಒಂದು ಮಂಚದ ಅಂತರ. ಪಾಳಿ ಮುಗಿಸಿ ಬರುವಾಗ ಅವಳಿಗೂ ಒಂದು ಲೋಟ ಚಹಾ ತಂದುಕೊಡಲು ನಿನ್ನ ಕೈಲಾದೀತೇ ನೋಡು. ಆಗದಿದ್ದರೆ, ಆಗುತ್ತಿಲ್ಲವೆಂದು ಕರ್ತನಿಗೆ ಹೇಳು. ಆ ಮಾತನ್ನೂ ಆತನು ಕಾಣಿಕೆಯಾಗಿ ತೆಗೆದುಕೊಳ್ಳುತ್ತಾನೆಂದು ನಾನು ನಂಬುತ್ತೇನೆ.

ಅಪ್ಪ ಚೆನ್ನಾಗಿದ್ದಾರೆ. ಈ ಸಲ ನಿನ್ನ ಹಳೆಯ ಲಂಗದ ಅಂಚನ್ನು ಹರಿದು ಹಿತ್ತಲಿನ ಕಾಯಿಗೆ ಕಟ್ಟಿದ್ದೇನೆ. ಬೆಳೆ ಹಬ್ಬಕ್ಕೆ ರಜೆ ಸಿಕ್ಕಿದರೆ ಬಾ.

ಆ ಹುಡುಗಿಯ ಹೆಸರನ್ನು ನೀನು ಬರೆದಿಲ್ಲ. ಮುಂದಿನ ಪತ್ರದಲ್ಲಿ ತಪ್ಪದೆ ತಿಳಿಸು, ಬೆಳಗಿನ ಪ್ರಾರ್ಥನೆಯಲ್ಲಿ ನಿನ್ನ ಹೆಸರಿನ ಸಂಗಡ ಅವಳ ಹೆಸರನ್ನೂ ಹೇಳಬೇಕೆಂದಿದ್ದೇನೆ.

ನಿನ್ನ ಪ್ರೀತಿಯ
ಅಮ್ಮ