ಮಂಜುಗೊಂದು ಪತ್ರ: ಡಾರ್ಟ್ಸ್ ನೋಡೋಕೆ ನಿದ್ದೆ ಯಾಕೆ ಬಿಡ್ತೀನಿ ಅಂದ್ರೆ

ಪ್ರಿಯ ಮಂಜು,

ಹೇಗಿದ್ದೀಯ? ಮೊನ್ನೆ ಫೋನಿನಲ್ಲಿ ಮಾತು ಅರ್ಧಕ್ಕೇ ನಿಂತಿತು. "ಬೋರ್ಡಿಗೆ ಮೊಳೆ ಎಸೆಯೋದನ್ನ ನೋಡೋಕೆ ರಾತ್ರಿಯೆಲ್ಲ ಎದ್ದಿರ್ತೀಯಾ?" ಅಂತ ಕೇಳಿದೆಯಲ್ಲ, ಅದಕ್ಕೆ ಎರಡು ಮಾತಿನಲ್ಲಿ ಉತ್ತರ ಕೊಡಲು ನನ್ನಿಂದ ಆಗಲಿಲ್ಲ. ಇದೇ ಪ್ರಶ್ನೆಯನ್ನು ಬೇರೆಯವರೂ ಕೇಳುತ್ತಿರುತ್ತಾರೆ, ಅದಕ್ಕೇ ಎಲ್ಲರೂ ಓದುವ ಹಾಗೆ ಇಲ್ಲೇ ಬರೆಯುತ್ತಿದ್ದೇನೆ.

ನಾನು ನೋಡುವುದು ಪಿಡಿಸಿ (ಪ್ರೊಫೆಷನಲ್ ಡಾರ್ಟ್ಸ್ ಕಾರ್ಪೊರೇಷನ್) ವರ್ಲ್ಡ್ ಡಾರ್ಟ್ಸ್ ಚಾಂಪಿಯನ್‌ಶಿಪ್. ಡಿಸೆಂಬರ್ ನಡುವಿನಲ್ಲಿ ಶುರುವಾಗಿ ಜನವರಿ ಮೊದಲ ವಾರದವರೆಗೆ ನಡೆಯುತ್ತದೆ. ಮೊದಲ ಟೂರ್ನಿ 1994ರಲ್ಲಿ ಎಸೆಕ್ಸ್‌ನ ಪರ್‌ಫ್ಲೀಟ್ ಅನ್ನುವ ಊರಿನ ಸರ್ಕಸ್ ಟ್ಯಾವರ್ನ್‌ನಲ್ಲಿ ನಡೆದಿತ್ತು. 2008ರ ಟೂರ್ನಿಯಿಂದ ಉತ್ತರ ಲಂಡನ್ನಿನ ಗುಡ್ಡದ ಮೇಲಿರುವ ಅಲೆಕ್ಸಾಂಡ್ರಾ ಪ್ಯಾಲೇಸ್‌ಗೆ ಬಂತು. ಅಲ್ಲಿ ಸಂಜೆ ಏಳು ಗಂಟೆಗೆ ಆಟ ಶುರುವಾದರೆ ನಮಗೆ ರಾತ್ರಿ ಹನ್ನೆರಡೂವರೆ. ನಿದ್ದೆ ಕೆಡುವುದು ಅದಕ್ಕೇ ಕಣೋ.

ಆಟ ಸುಲಭ. 501ರಿಂದ ಶುರು ಮಾಡಿ ಸೊನ್ನೆಗೆ ಇಳಿಯಬೇಕು. ಒಂದು ಸರದಿಗೆ ಮೂರು ಡಾರ್ಟ್. ಮೂರೂ ಟ್ರೆಬಲ್ 20ಕ್ಕೆ, ಅಂದರೆ 20ರ ಮೂರು ಪಟ್ಟು ಅಂಕ ಕೊಡುವ ಸಣ್ಣ ಪಟ್ಟಿಗೆ, ಬಿದ್ದರೆ 180, ಅದಕ್ಕಿಂತ ಜಾಸ್ತಿ ಇಲ್ಲ. ಟಿವಿಯಲ್ಲಿ ಎಲ್ಲರೂ ಕೂಗುವುದು ಇದಕ್ಕೇ. ಆದರೆ ಆ ಮಟ್ಟದಲ್ಲಿ ಆಡುವವರಿಗೆ 180 ದಿನನಿತ್ಯದ ಮಾತು. ನಿಜವಾದ ಆಟ ಇರುವುದು ಕೊನೆಯಲ್ಲಿ. ಸೊನ್ನೆ ಮಾಡುವ ಡಾರ್ಟ್ ಡಬಲ್‌ಗೇ ಬೀಳಬೇಕು, ಅಂದರೆ ಎರಡು ಪಟ್ಟು ಅಂಕ ಕೊಡುವ, ಬೋರ್ಡಿನ ಹೊರ ಅಂಚಿನ ಸಣ್ಣ ಪಟ್ಟಿಗೆ ಅಥವಾ ನಟ್ಟನಡುವಿನ ಬುಲ್‌ಗೆ. ಆ ಪಟ್ಟಿಯ ಅಗಲ 8 ಮಿಲಿಮೀಟರ್, ನಿಂತು ಎಸೆಯುವುದು 2.37 ಮೀಟರ್ ದೂರದಿಂದ. ನಿನಗೆ ಕೇರಂ ಗೊತ್ತಲ್ಲ, ರೆಡ್ ಹಾಕಿದರೆ ಸಾಲದು, ಹಿಂದೆಯೇ ಕವರ್ ಬೀಳಬೇಕು. ಇಲ್ಲೂ ಹಾಗೇ. 499 ಹೊಡೆದು ಕೊನೆಯ ಎರಡಕ್ಕೆ ಒದ್ದಾಡುತ್ತಾ ನಿಂತವನನ್ನು ಎದುರಾಳಿ ದಾಟಿಕೊಂಡು ಹೋಗುತ್ತಾನೆ.

ಇದರಲ್ಲಿ ಲೆಕ್ಕವೂ ಇದೆ, ನನಗೆ ತುಂಬಾ ಇಷ್ಟವಾಗುವುದು ಅದೇ. ಎಷ್ಟೋ ಜನ 32 ಉಳಿಸಿಕೊಳ್ಳಲು ನೋಡುತ್ತಾರೆ, ಯಾಕೆ ಗೊತ್ತಾ? 32 ಅಂದರೆ ಡಬಲ್ 16. ಗುರಿ ಸ್ವಲ್ಪ ಒಳಗೆ ತಪ್ಪಿ ಸಿಂಗಲ್ 16 ಬಿದ್ದರೆ ಉಳಿಯುವುದು 16, ಅಂದರೆ ಡಬಲ್ 8. ಅದೂ ಒಳಗೆ ತಪ್ಪಿದರೆ ಡಬಲ್ 4, ಆಮೇಲೆ ಡಬಲ್ 2, ಆಮೇಲೆ ಡಬಲ್ 1. ಪ್ರತಿ ಸಲವೂ ಎಸೆಯಲು ಇನ್ನೊಂದು ಡಬಲ್ ಇದ್ದೇ ಇರುತ್ತದೆ. ಅದೇ 10 ಉಳಿದಾಗ ಡಬಲ್ 5ಕ್ಕೆ ಗುರಿಯಿಟ್ಟು ಸಿಂಗಲ್ 5 ಬಿದ್ದರೆ ಉಳಿಯುವುದು 5. ಬೆಸ ಸಂಖ್ಯೆ, ಅದನ್ನು ಸರಿ ಮಾಡಿಕೊಳ್ಳಲು ಒಂದು ಡಾರ್ಟ್ ಸುಮ್ನೆ ಖರ್ಚು. ಒಳ್ಳೆಯ ಆಟಗಾರರು 200ರ ಆಸುಪಾಸಿನಲ್ಲಿರುವಾಗಲೇ ಇದನ್ನೆಲ್ಲ ತಲೆಯಲ್ಲಿ ಕಟ್ಟಿಕೊಂಡಿರುತ್ತಾರೆ, ಅದೂ ಎದುರಿಗೆ ಸಾವಿರಾರು ಜನ ಹಾಡುತ್ತಾ ಕುಣಿಯುತ್ತಾ ಇರುವಾಗ.

ಈಗ 2024ರ ಫೈನಲ್‌ಗೆ ಬರುತ್ತೇನೆ. ವಾರಿಂಗ್ಟನ್‌ನ ಲ್ಯೂಕ್ ಲಿಟ್ಲರ್, ಆಗ ವಯಸ್ಸು 16, ಅದೇ ಅವನ ಮೊದಲ ವರ್ಲ್ಡ್ ಚಾಂಪಿಯನ್‌ಶಿಪ್. ಚಿಕ್ಕಂದಿನಿಂದ ಮೆಚ್ಚಿಕೊಂಡಿದ್ದ ರೇಮಂಡ್ ವ್ಯಾನ್ ಬಾರ್ನೆವೆಲ್ಡ್‌ನನ್ನು ಸೋಲಿಸಿದ, ಸೆಮಿಫೈನಲ್‌ನಲ್ಲಿ ಮಾಜಿ ಚಾಂಪಿಯನ್ ರಾಬ್ ಕ್ರಾಸ್‌ನನ್ನು 6-2ರಿಂದ ಸೋಲಿಸಿದ. ಫೈನಲ್‌ನಲ್ಲಿ ಎದುರಿಗೆ ಲ್ಯೂಕ್ ಹಂಫ್ರೀಸ್. 501ರಿಂದ ಸೊನ್ನೆಗೆ ಇಳಿಯುವ ಒಂದು ಆಟಕ್ಕೆ ಲೆಗ್ ಅನ್ನುತ್ತಾರೆ, ಮೂರು ಲೆಗ್ ಮೊದಲು ಗೆದ್ದವನಿಗೆ ಒಂದು ಸೆಟ್, ಏಳು ಸೆಟ್ ಮೊದಲು ಗೆದ್ದವನಿಗೆ ಟ್ರೋಫಿ. ಹುಡುಗ 4-2 ಮುಂದಿದ್ದ. ಏಳನೆಯ ಸೆಟ್ಟಿನಲ್ಲಿ ಡಬಲ್ 2 ಬಿದ್ದಿದ್ದರೆ 5-2 ಆಗುತ್ತಿತ್ತು. ಬೀಳಲಿಲ್ಲ. ಹಂಫ್ರೀಸ್ ಆ ಸೆಟ್ ತೆಗೆದುಕೊಂಡ, ಅದರ ಹಿಂದೆಯೇ ಇನ್ನೂ ನಾಲ್ಕು, ಒಟ್ಟು ಸತತ ಐದು ಸೆಟ್. 7-4. ಮುಗಿಯಿತು.

ಅಂದು ರಾತ್ರಿ ಎಲ್ಲರ ಮನಸ್ಸೂ ಆ ಹುಡುಗನ ಕಡೆಗೇ ಇತ್ತು, ಆದರೆ ನನ್ನ ಮನಸ್ಸು ಹಂಫ್ರೀಸ್ ಕಡೆಗೆ ಹೋಯಿತು. ಒಂದು ಕಾಲದಲ್ಲಿ ಆತಂಕದಿಂದ ಒದ್ದಾಡಿದ ಮನುಷ್ಯ ಅವನು, ಅದನ್ನು ಮುಚ್ಚಿಡದೆ ಹೇಳಿಕೊಂಡಿದ್ದಾನೆ. ಅಂಥವನು, ಇಡೀ ಹಾಲ್ ಎದುರಾಳಿಯ ಪರ ಕೂಗುತ್ತಿರುವಾಗ, ಎರಡು ಸೆಟ್ ಹಿಂದೆ ಬಿದ್ದಿರುವಾಗ, ಕೈ ನಡುಗಿಸದೆ ಒಂದೊಂದೇ ಡಬಲ್ ಹೊಡೆದು ಮುಗಿಸಿದ. ಇದಕ್ಕಿಂತ ದೊಡ್ಡ ಧೈರ್ಯವನ್ನು ನಾನು ಬೇರೆ ಯಾವ ಆಟದಲ್ಲೂ ನೋಡಿಲ್ಲ ಮಂಜು, ಕ್ರಿಕೆಟ್ ಸೇರಿಸಿಯೇ ಹೇಳುತ್ತಿದ್ದೇನೆ.

ಲಿಟ್ಲರ್ ಕಥೆ ಅಲ್ಲಿಗೆ ನಿಲ್ಲಲಿಲ್ಲ. ಮುಂದಿನ ಟೂರ್ನಿಯ ಮೊದಲ ಪಂದ್ಯದಲ್ಲಿ ರಯಾನ್ ಮೀಕಲ್ ಎದುರು ತಿಣುಕಾಡುತ್ತಲೇ ಇದ್ದವನು ಕೊನೆಯ ಸೆಟ್ಟಿನಲ್ಲಿ ಮೂರು ಲೆಗ್‌ಗಳನ್ನು ಬರೀ 32 ಡಾರ್ಟ್‌ಗಳಲ್ಲಿ ಮುಗಿಸಿದ. ಒಂದೂ ತಪ್ಪದೆ ಆಡಿದರೂ ಮೂರು ಲೆಗ್‌ಗೆ 27 ಬೇಕು, ಯೋಚನೆ ಮಾಡು! ಗೆದ್ದ ಮೇಲೆ ವೇದಿಕೆಯಲ್ಲಿ ಮಾತಾಡಲು ನಿಂತವನು ಅತ್ತುಬಿಟ್ಟ. ಒಂದು ವರ್ಷ ಎಷ್ಟು ಭಾರ ಹೊತ್ತುಕೊಂಡಿದ್ದ ಅಂತ ಆಗ ಗೊತ್ತಾಯಿತು. 2025ರ ಜನವರಿ 3ರಂದು ಮೈಕಲ್ ವ್ಯಾನ್ ಗರ್ವೆನ್‌ನನ್ನು 7-3ರಿಂದ ಸೋಲಿಸಿ 17ನೆಯ ವಯಸ್ಸಿಗೇ ವಿಶ್ವ ಚಾಂಪಿಯನ್ ಆದ. ಅಷ್ಟು ಚಿಕ್ಕ ವಯಸ್ಸಿನಲ್ಲಿ ಯಾರೂ ಆಗಿರಲಿಲ್ಲ. 2026ರಲ್ಲಿ ಜಿಯಾನ್ ವ್ಯಾನ್ ವೀನ್ ಎದುರು 7-1ರಿಂದ ಗೆದ್ದು ಟ್ರೋಫಿ ಉಳಿಸಿಕೊಂಡ, ಬಹುಮಾನ 10 ಲಕ್ಷ ಪೌಂಡ್.

ಒಂದು ವಿಷಯ ಮಾತ್ರ ನನಗೆ ಸರಿ ಬರುವುದಿಲ್ಲ. ಡಬಲ್‌ಗೆ ಗುರಿಯಿಡುವ ಹೊತ್ತಿಗೆ ಸರಿಯಾಗಿ ಜನ ಶಿಳ್ಳೆ ಹೊಡೆಯುತ್ತಾರೆ. ವೇಷ ಹಾಕಿಕೊಂಡು ಬರಲಿ, ಉದ್ದ ಬೆಂಚುಗಳ ಮೇಲೆ ಹತ್ತಿ ಹಾಡಲಿ, ಅದು ಚೆನ್ನಾಗಿಯೇ ಇರುತ್ತದೆ. ಆದರೆ ಆ ಒಂದು ಕ್ಷಣ ಬಿಟ್ಟುಕೊಡಬೇಕು ಅಲ್ವಾ? 2023ರ ಕ್ವಾರ್ಟರ್‌ಫೈನಲ್‌ನಲ್ಲಿ ಗೆರ್ವಿನ್ ಪ್ರೈಸ್ ಗಲಾಟೆ ತಾಳಲಾರದೆ ಕಿವಿ ಮುಚ್ಚುವ ದೊಡ್ಡ ಸಾಧನ ಹಾಕಿಕೊಂಡೇ ಆಡಿದ, ಪಂದ್ಯವನ್ನೂ ಸೋತ. ಅದನ್ನು ನೋಡಿ ಬೇಜಾರಾಯಿತು.

ಇನ್ನು ನಮ್ಮವರ ಸುದ್ದಿ. ಭಾರತದ ನಿತಿನ್ ಕುಮಾರ್ ಆ ವೇದಿಕೆಗೆ ಹಲವು ಸಲ ಹೋಗಿ ಸೋತು ಬಂದಿದ್ದರು. 2025ರ ಡಿಸೆಂಬರ್‌ನಲ್ಲಿ ಕೊನೆಗೂ ಒಂದು ಪಂದ್ಯ ಗೆದ್ದರು. ಅಲ್ಲಿ ಪಂದ್ಯ ಗೆದ್ದ ಮೊದಲ ಭಾರತೀಯ ಅವರೇ. ಒಂದೇ ಒಂದು ಗೆಲುವು ಅಂತ ನೀನು ಅನ್ನಬಹುದು. ಹೆಣ್ಣುಮಕ್ಕಳ ಪಾಲಿಗೂ ಅಂಥ ಮೊದಲ ಗೆಲುವು ಬಂದದ್ದು 2019ರ ಡಿಸೆಂಬರ್‌ನಲ್ಲೇ. ಫಾಲನ್ ಶೆರಾಕ್ ಮೊದಲು ಟೆಡ್ ಎವೆಟ್ಸ್‌ನನ್ನು, ಆಮೇಲೆ ಮೆನ್ಸುರ್ ಸುಲ್ಯೋವಿಚ್‌ನನ್ನು ಸೋಲಿಸಿದಾಗ ಆ ಹಾಲ್ ಎದ್ದು ಕುಣಿದಿತ್ತು.

ನೀನು ನೋಡಲು ಶುರು ಮಾಡುವುದಾದರೆ ಮೊದಲು 2023ರ ಫೈನಲ್‌ನ ಎರಡನೆಯ ಸೆಟ್ ಹುಡುಕು. ಒಂಬತ್ತೇ ಡಾರ್ಟ್‌ನಲ್ಲಿ 501 ಮುಗಿಸುವ ಅವಕಾಶ ವ್ಯಾನ್ ಗರ್ವೆನ್‌ಗೆ ಬರುತ್ತದೆ, ಕೊನೆಯ ಡಾರ್ಟ್ ಡಬಲ್ 12ರ ಪಕ್ಕಕ್ಕೆ ಹೋಗುತ್ತದೆ. ಅದೇ ಲೆಗ್‌ನಲ್ಲಿ ಮೈಕಲ್ ಸ್ಮಿತ್ ಒಂಬತ್ತು ಡಾರ್ಟ್ ಹೊಡೆದು ಅದೇ ಡಬಲ್ 12ಕ್ಕೆ ಮುಗಿಸುತ್ತಾನೆ. ಅದಕ್ಕೂ ಮುಂಚೆ ಎರಡು ಫೈನಲ್ ಸೋತಿದ್ದವನು ಅವನು, ಆ ರಾತ್ರಿ 7-4ರಿಂದ ಗೆದ್ದ. ಅದಾದ ಮೇಲೆ 2024ರ ಫೈನಲ್ ಪೂರ್ತಿ ನೋಡು, ಮಧ್ಯದಲ್ಲಿ ಓಡಿಸಬೇಡ. ನೋಡಿ ಮುಗಿಸಿ ಫೋನ್ ಮಾಡು. ನಿನ್ನ ಮನಸ್ಸು ಹಂಫ್ರೀಸ್ ಕಡೆಗೋ ಲಿಟ್ಲರ್ ಕಡೆಗೋ ಅಂತ ನನಗೆ ಗೊತ್ತಾಗಬೇಕು. ಡಿಸೆಂಬರ್‌ನಲ್ಲಿ ಊರಿಗೆ ಬಂದಾಗ ನಮ್ಮ ಮನೆಯಲ್ಲೇ ಇಳಿದುಕೋ, ಒಟ್ಟಿಗೆ ಕೂತು ನೋಡೋಣ. ಅಮ್ಮನಿಗೆ ನಮಸ್ಕಾರ ಹೇಳು.

ನಿನ್ನ,
ಸತೀಶ