ಭಾನುವಾರ ಸಂಜೆ 7ಕ್ಕೆ ಉಸಿಕ್–ಫ್ಯೂರಿ ಬಾಕ್ಸಿಂಗ್ ಪಂದ್ಯ: ಅಂಕ ನಾವೇ ಹಾಕೋಣ

ಗೆಳೆಯರೇ, ನಮಸ್ಕಾರ.

ಒಲೆಕ್ಸಾಂಡರ್ ಉಸಿಕ್, ಟೈಸನ್ ಫ್ಯೂರಿ ಇಬ್ಬರು ಬಾಕ್ಸರ್‌ಗಳಲ್ಲಿ ಯಾರು ಗೆಲ್ಲಬೇಕಿತ್ತು ಅಂತ ಚರ್ಚೆ ನಿಲ್ಲುತ್ತಲೇ ಇಲ್ಲ, ಅಲ್ವಾ? ಹಾಗಾಗಿ 2024ರ ಮೇ ತಿಂಗಳಲ್ಲಿ ರಿಯಾದ್‌ನಲ್ಲಿ ನಡೆದ ಆ ಪಂದ್ಯವನ್ನು ಈ ಭಾನುವಾರ ಸಂಜೆ 7ಕ್ಕೆ ಎಲ್ಲರೂ ಅವರವರ ಮನೆಯಲ್ಲೇ ಮತ್ತೆ ನೋಡೋಣ. 12 ಸುತ್ತು, ಬಿಡುವೂ ಸೇರಿ 47 ನಿಮಿಷ.

ಕಾಮೆಂಟರಿ ಮ್ಯೂಟ್ ಮಾಡಿ. ಅದನ್ನು ಕೇಳುತ್ತಾ ಕೂತರೆ ನಮ್ಮ ಅಂಕ ನಮ್ಮದಾಗಿ ಉಳಿಯುವುದಿಲ್ಲ. ಪ್ರತಿ ಸುತ್ತಿಗೂ ಗೆದ್ದವರಿಗೆ 10, ಸೋತವರಿಗೆ 9, ಒಮ್ಮೆ ಬಿದ್ದು ಸೋತರೆ 8 ಅಂತ ಹಾಳೆಯಲ್ಲಿ ಬರೆದಿಡಿ. ಕೊನೆಯ ಗಂಟೆ ಬಾರಿಸುವ ತನಕ ಗುಂಪಿಗೆ ಹಾಕಬೇಡಿ.

9ನೇ ಸುತ್ತನ್ನಂತೂ ಕಣ್ಣು ಮಿಟುಕಿಸದೆ ನೋಡಿ. ಉಸಿಕ್ ಅವರ ಎಡಗೈ ಏಟಿಗೆ ಫ್ಯೂರಿ ತೂರಾಡುತ್ತಾ ಹಗ್ಗಕ್ಕೆ ಬಡಿದುಕೊಳ್ಳುತ್ತಾರೆ, ಆದರೆ ನೆಲಕ್ಕೆ ಬೀಳುವುದಿಲ್ಲ. ಹಗ್ಗವೇ ಹಿಡಿದು ನಿಲ್ಲಿಸಿತು ಅಂತ ರೆಫರಿ ಎಣಿಕೆ ಶುರು ಮಾಡಿದರು, ಅಂದರೆ ಬಿದ್ದಂತೆಯೇ ಲೆಕ್ಕ, ಫ್ಯೂರಿಗೆ 9ರ ಬದಲು 8. ಆ ಎಣಿಕೆ ಇಲ್ಲದಿದ್ದರೆ ಪಂದ್ಯ ಡ್ರಾ ಆಗುತ್ತಿತ್ತು! ತೀರ್ಪುಗಾರರು ಕೊಟ್ಟಿದ್ದು 115-112, 114-113 ಉಸಿಕ್‌ಗೆ, 114-113 ಫ್ಯೂರಿಗೆ.

ಫ್ಯೂರಿ ಅಭಿಮಾನಿಗಳೇ, ನೀವು ಖಂಡಿತ ಇರಬೇಕು. ಆಟಗಾರರನ್ನಾಗಲಿ, ಇಲ್ಲಿರುವವರನ್ನಾಗಲಿ ಯಾರೂ ಹೀಯಾಳಿಸಬೇಡಿ, ದಯವಿಟ್ಟು.

ಬರುವವರು ಶನಿವಾರ ರಾತ್ರಿಯೊಳಗೆ ‘ಇದ್ದೇನೆ’ ಅಂತ ಬರೆಯಿರಿ. 7 ಗಂಟೆ ಆಗದಿದ್ದರೆ ಅದನ್ನೂ ಹೇಳಿ, ಜಾಸ್ತಿ ಜನರಿಗೆ ತೊಂದರೆ ಇದ್ದರೆ 8ಕ್ಕೆ ಇಡೋಣ.